ಸಲಹೆ ಕೊಡುವವರು ಯಾವ ಕೆಲಸ ಮಾಡಿ ಬಂದವರು?

(ಬೆಂಗಳೂರಿನಲ್ಲಿ ಜಮೀನಿರುವ ಕುಟುಂಬಗಳು ಮತ್ತು ಸಿವಿಲ್, ಪ್ಲಾನಿಂಗ್ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಇಲ್ಲಿ ಎರಡು ಥರದ ಜನ ಸೇರಿದ್ದೀರಿ. ಸರ್ಜಾಪುರ, ದೇವನಹಳ್ಳಿ, ಹೊಸಕೋಟೆ, ಕೆಂಗೇರಿ ಕಡೆ ತಾತನ ಕಾಲದ ಜಮೀನಿದ್ದು, ಅದನ್ನು ಬಿಲ್ಡರ್‌ಗೆ ಜೆಡಿಗೆ (ಜಾಗ ನಮ್ಮದು, ಕಟ್ಟುವುದು ಬಿಲ್ಡರ್, ಕಟ್ಟಿದ್ದರಲ್ಲಿ ಪಾಲು ಹಂಚಿಕೊಳ್ಳುವ ಜಂಟಿ ಒಪ್ಪಂದ) ಕೊಡೋಣವೇ ಬೇಡವೇ ಅಂತ ಮನೆಯಲ್ಲಿ ಮಾತಾಡುತ್ತಿರುವವರು ಅರ್ಧ. ಸಿವಿಲ್, ಆರ್ಕಿಟೆಕ್ಚರ್, ಪ್ಲಾನಿಂಗ್, ಎಂಬಿಎ ಓದುತ್ತಾ ಈ ಕೆಲಸಕ್ಕೆ ಬರಬೇಕು ಅಂದುಕೊಂಡಿರುವ ಮಕ್ಕಳು ಇನ್ನರ್ಧ. ಇಬ್ಬರಿಗೂ ಉಪಯೋಗಕ್ಕೆ ಬರುವ ಒಂದು ವಿಷಯ ಆರಿಸಿಕೊಂಡಿದ್ದೇನೆ. ರಿಯಲ್ ಎಸ್ಟೇಟ್ ಡೆವಲಪ್‌ಮೆಂಟಿಗೆ ಸಲಹೆ ಕೊಡುವ ತಂಡಗಳು ಇರುತ್ತವಲ್ಲ, ಅವುಗಳಲ್ಲಿ ಯಾರ್ಯಾರು ಇರುತ್ತಾರೆ, ಅವರು ಹಿಂದೆ ಯಾವ ಕೆಲಸ ಮಾಡಿ ಬಂದವರು, ಅದು ನಿಮ್ಮ ಜಮೀನಿಗೆ ಯಾಕೆ ಮುಖ್ಯ ಅನ್ನುವುದು. ನಾನು ಸಿವಿಲ್ ಓದಿ, ಸೈಟಿನಲ್ಲಿ ಕೆಲಸ ಮಾಡಿ, ಆಮೇಲೆ ಇಂಥ ತಂಡಗಳ ಒಳಗೆ ಬಂದವನು. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ಇಂಥ ತಂಡದವರು ನಿಮ್ಮ ಮನೆಗೆ ಬಂದಾಗ ಒಂದು ಪುಸ್ತಿಕೆ ಕೊಡುತ್ತಾರೆ. ಕೊನೆಯ ಪುಟದಲ್ಲಿ ಎಲ್ಲರ ಫೋಟೋ. ಕೆಳಗೆ ಡಿಗ್ರಿ, ಎಷ್ಟು ವರ್ಷದ ಅನುಭವ, ಯಾವ್ಯಾವ ಕಂಪನಿ. ನಾವೆಲ್ಲ ಎತ್ತರದ ಕಟ್ಟಡದ ಚಿತ್ರ ನೋಡುತ್ತೇವೆ, ಆ ಪುಟವನ್ನು ಸುಮ್ನೆ ತಿರುಗಿಸಿಬಿಡುತ್ತೇವೆ. ನನ್ನ ಪ್ರಕಾರ ಮೊದಲು ಓದಬೇಕಾದ ಪುಟ ಅದೇ. ಹೆಣ್ಣು ಕೊಡುವಾಗ ಹುಡುಗನ ಮನೆತನ ವಿಚಾರಿಸುತ್ತೀರಲ್ಲ, ಅಷ್ಟೇ ಕಾಳಜಿಯಿಂದ ಇದನ್ನೂ ವಿಚಾರಿಸಿ.

ಯಾಕೆ ಅಂದರೆ, ಹತ್ತು ಹದಿನೈದು ವರ್ಷ ಒಂದೇ ಕೆಲಸ ಮಾಡಿದವರ ಕಣ್ಣು ಆ ಕೆಲಸಕ್ಕೆ ಪಳಗಿಬಿಡುತ್ತದೆ. ಒಂದೇ ಜಮೀನಿನ ಮುಂದೆ ಐದು ಜನರನ್ನು ನಿಲ್ಲಿಸಿ ನೋಡಿ. ಬ್ಯಾಂಕಿನಿಂದ ಬಂದವರಿಗೆ ಕೆಲಸ ತಡವಾದರೆ ಬಡ್ಡಿ ಎಷ್ಟು ಏರುತ್ತದೆ ಅನ್ನುವುದು ಮೊದಲು ಹೊಳೆಯುತ್ತದೆ. ಆರ್ಕಿಟೆಕ್ಟ್ ಗಾಳಿ ಬೆಳಕು ಯಾವ ಕಡೆಯಿಂದ ಅಂತ ನೋಡುತ್ತಾರೆ. ವಕೀಲರು ಯಾರ ಸಹಿ ಬಿಟ್ಟುಹೋಗಿದೆ ಅಂತ ಕೇಳುತ್ತಾರೆ. ಮಾರಾಟದಲ್ಲಿದ್ದವರು ಮೆಟ್ರೋ ಸ್ಟೇಷನ್ ಎಷ್ಟು ದೂರ ಅಂತ ಕೇಳುತ್ತಾರೆ. ಸರ್ವೆಯವರು ಬದು ಎಲ್ಲಿದೆ, ಕಲ್ಲು ಎಲ್ಲಿದೆ ಅಂತ ಹುಡುಕುತ್ತಾರೆ. ಐವರು ನೋಡಿದ್ದೂ ಸರಿಯೇ. ತೊಂದರೆ ಶುರುವಾಗುವುದು ಇವರಲ್ಲಿ ಒಬ್ಬರು ತಂಡದಲ್ಲಿ ಇಲ್ಲದಾಗ. ಅವರು ನೋಡಬೇಕಿದ್ದದ್ದನ್ನು ಉಳಿದ ಯಾರೂ ನೋಡುವುದಿಲ್ಲ.

ಈ ತಂಡದವರು ತಾವೇ ಕಟ್ಟುವುದಿಲ್ಲ. ಜಾಗದಲ್ಲಿ ಏನು ಕಟ್ಟಬಹುದು, ಕಾನೂನು ಎಷ್ಟಕ್ಕೆ ಬಿಡುತ್ತದೆ, ಯಾರು ಕೊಳ್ಳುತ್ತಾರೆ, ಖರ್ಚೆಷ್ಟು, ಜಮೀನಿನವರಿಗೆ ಎಷ್ಟು ಪಾಲು ಬಂದರೆ ನ್ಯಾಯ ಅಂತ ಲೆಕ್ಕ ಹಾಕಿ ವರದಿ ಕೊಡುತ್ತಾರೆ. ಆ ವರದಿಯ ಮೇಲೆ ನೀವು ಸಹಿ ಹಾಕುತ್ತೀರಿ. ಒಂದು ಸಹಿಯಿಂದ ಎರಡು ಮೂರು ತಲೆಮಾರಿನ ಆಸ್ತಿಯ ದಾರಿ ಬದಲಾಗುತ್ತದೆ. ಹಾಗಾಗಿ ನನಗೆ ಇದು ಹಗುರವಾದ ವಿಷಯ ಅನ್ನಿಸುವುದಿಲ್ಲ.

ಬೆಂಗಳೂರಿನಲ್ಲಿ ಈ ತಂಡ ಇವತ್ತಿನ ರೂಪಕ್ಕೆ ಹೇಗೆ ಬಂತು ಅಂತ ಸ್ವಲ್ಪ ನೋಡೋಣ. ಹಿಂದೆ ಬಡಾವಣೆ ಮಾಡುವುದು ಹೆಚ್ಚಾಗಿ ಸರ್ಕಾರದ ಕೆಲಸವಾಗಿತ್ತು. 1898ರಲ್ಲಿ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. 1945ರಲ್ಲಿ ನಗರ ಸುಧಾರಣಾ ಮಂಡಳಿ ಸಿಐಟಿಬಿ ಬಂತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. ಇಂಜಿನಿಯರ್, ಪ್ಲಾನರ್, ಸರ್ವೆಯರ್, ರೆವಿನ್ಯೂ ಅಧಿಕಾರಿ ಎಲ್ಲರೂ ಒಂದೇ ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಖಾಸಗಿಯವರು ಫ್ಲ್ಯಾಟ್ ಕಟ್ಟಲು ಶುರು ಮಾಡಿದಾಗ ಬಿಲ್ಡರ್‌ಗೆ ಒಬ್ಬ ಆರ್ಕಿಟೆಕ್ಟ್, ಒಬ್ಬ ಲಾಯರ್, ಒಬ್ಬ ಬ್ರೋಕರ್ ಇದ್ದರೆ ನಡೆಯುತ್ತಿತ್ತು.

2005ರಲ್ಲಿ ಕೇಂದ್ರ ಸರ್ಕಾರ ಕಟ್ಟಡ ಮತ್ತು ಟೌನ್‌ಶಿಪ್ ಕೆಲಸಕ್ಕೆ ಶೇಕಡ 100ರಷ್ಟು ವಿದೇಶಿ ಬಂಡವಾಳ ನೇರವಾಗಿ ಬರಲು ಬಿಟ್ಟಿತು. ಆಗ ಒಂದು ಷರತ್ತೂ ಇತ್ತು. ಸೈಟು ಮಾಡುವುದಾದರೆ ಕನಿಷ್ಠ 25 ಎಕರೆ, ಕಟ್ಟಡವಾದರೆ ಕನಿಷ್ಠ 50,000 ಚದರ ಮೀಟರ್. ಐಟಿ ಕಂಪನಿಗಳಿಗೆ ಜಾಗ ಬೇಕಿದ್ದ ಬೆಂಗಳೂರಿಗೆ ಫಂಡುಗಳು ಬಂದವು. ಹೊರದೇಶದಲ್ಲಿ ಕೂತು ದುಡ್ಡು ಹಾಕುವವರು ವರ್ತೂರಿನ ಜಮೀನನ್ನು ಕಣ್ಣಾರೆ ನೋಡುವುದಿಲ್ಲ ಅಲ್ವಾ? ಅವರಿಗೆ ವರದಿ ಬೇಕು, ಎಕ್ಸೆಲ್ ಶೀಟ್ ಬೇಕು. ಆಗ ಸಲಹಾ ತಂಡಗಳಿಗೆ ಎಂಬಿಎ, ಸಿಎ ಓದಿದವರು, ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿದ್ದವರು ಸೇರಿದರು.

ಆಮೇಲೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡ 70ನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ತೆಗೆಯಬೇಕಾದರೆ ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಸರ್ಟಿಫಿಕೇಟ್ ಕೊಡಬೇಕು. ಇದು ತುಂಬಾ ಒಳ್ಳೆಯ ನಿಯಮ. ಒಬ್ಬರು ಕೆಲಸ ಎಷ್ಟಾಗಿದೆ ಅಂತ ಹೇಳಬೇಕು, ಇನ್ನೊಬ್ಬರು ನಕ್ಷೆ ಪ್ರಕಾರ ಆಗಿದೆಯೇ ಅಂತ, ಮತ್ತೊಬ್ಬರು ದುಡ್ಡಿನ ಲೆಕ್ಕ. ಇದಕ್ಕಾಗಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನವರು ತಂಡಕ್ಕೆ ಬಂದರು. 2019ರ ಏಪ್ರಿಲ್‌ನಲ್ಲಿ ದೇಶದ ಮೊದಲ ರೀಟ್ (ಬಾಡಿಗೆ ಬರುವ ಕಟ್ಟಡಗಳಲ್ಲಿ ಜನ ಹಣ ಹೂಡುವ ಟ್ರಸ್ಟ್) ಶೇರು ಮಾರುಕಟ್ಟೆಗೆ ಬಂತು. ಅದು ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್. ಕಟ್ಟಿ ಮಾರುವುದಷ್ಟೇ ಅಲ್ಲದೆ, ಕಟ್ಟಿದ್ದನ್ನು ಬಾಡಿಗೆಗೆ ಕೊಟ್ಟು ವರ್ಷಗಟ್ಟಲೆ ನೋಡಿಕೊಳ್ಳುವವರಿಗೆ ಬೆಲೆ ಬಂತು.

ಈ ಬದಲಾವಣೆಗಳಲ್ಲಿ ತಂಡಕ್ಕೆ ಬಂದವರಲ್ಲಿ ಹಣದ ಲೆಕ್ಕ ಬಲ್ಲವರೇ ಜಾಸ್ತಿ. ಅವರು ಬೇಕೇ ಬೇಕು. ಆದರೆ ಅದೇ ಹೊತ್ತಿನಲ್ಲಿ ನೆಲದ ಲೆಕ್ಕ ಬಲ್ಲವರು ತಂಡದ ಹೊರಗೆ ಉಳಿದರು. ಸರ್ವೆ, ರೆವಿನ್ಯೂ ದಾಖಲೆ, ನೀರು ಇವನ್ನೆಲ್ಲ ಹೊರಗಿನವರಿಗೆ ಕೊಟ್ಟು, ಅವರ ಒಂದು ಪುಟದ ಟಿಪ್ಪಣಿಯನ್ನು ವರದಿಯ ಹಿಂದೆ ಸೇರಿಸುವ ಪದ್ಧತಿ ಬಂತು. ನನ್ನ ತಕರಾರು ಇರುವುದು ಇಲ್ಲಿ.

ಸರ್ವೆಯಿಂದಲೇ ಶುರು ಮಾಡುತ್ತೇನೆ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಪಹಣಿಯಲ್ಲಿ ಒಂದು ಎಕರೆ ಅಂತ ಇದೆ. ಅಂದರೆ 40 ಗುಂಟೆ, 43,560 ಚದರ ಅಡಿ. ಲೆಕ್ಕಕ್ಕೆ ಎಫ್‌ಎಆರ್ 2.25 ಅಂತ ಇಟ್ಟುಕೊಳ್ಳಿ, ಅಂದರೆ ಜಾಗದ 2.25 ಪಟ್ಟು ಕಟ್ಟಬಹುದು. 98,010 ಚದರ ಅಡಿ ಕಟ್ಟಬಹುದು ಅಂತ ಎಕ್ಸೆಲ್ ಹೇಳುತ್ತದೆ. ಈಗ ಪರವಾನಗಿ ಭೂಮಾಪಕರೊಬ್ಬರು ಬಂದು ಆಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕಾಶೆ ಅನ್ನುವ ಹಳೆಯ ಅಳತೆ ದಾಖಲೆಗಳನ್ನು ತೆಗೆದು ನೋಡುತ್ತಾರೆ. ಅದರಲ್ಲಿ 4 ಗುಂಟೆ 'ಬಿ' ಖರಾಬು ಅಂತ ಸಿಗುತ್ತದೆ. 'ಎ' ಖರಾಬು ಆದರೆ ಸಾಗುವಳಿಗೆ ಬಾರದ ಜಾಗ, ಹಿಡುವಳಿಯ ಜೊತೆಗೇ ಬರುತ್ತದೆ. 'ಬಿ' ಖರಾಬು ಹಾಗಲ್ಲ. ಅದು ದಾರಿಗೋ ಹಳ್ಳಕ್ಕೋ ಸ್ಮಶಾನಕ್ಕೋ ಸಾರ್ವಜನಿಕರಿಗಾಗಿ ಬಿಟ್ಟ ಜಾಗ. ನಿಮ್ಮದಲ್ಲ. 4 ಗುಂಟೆ ಹೋದರೆ ಉಳಿಯುವುದು 39,204 ಚದರ ಅಡಿ. ಕಟ್ಟಬಹುದಾದದ್ದು 88,209ಕ್ಕೆ ಇಳಿಯುತ್ತದೆ. 9,801 ಚದರ ಅಡಿ ಕಾಗದದ ಮೇಲೆ ಇತ್ತು, ನೆಲದ ಮೇಲೆ ಇರಲಿಲ್ಲ. ಎಂಟು ಒಂಬತ್ತು ಫ್ಲ್ಯಾಟು. ಅದರ ಮೇಲೆ ಪಾಲಿನ ಒಪ್ಪಂದ ಮೊದಲೇ ಆಗಿಹೋಗಿದ್ದರೆ ಮನೆಯೊಳಗೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಅದಕ್ಕಿಂತ ಸಾಮಾನ್ಯವಾದದ್ದು ಪೋಡಿ, ಅಂದರೆ ಒಬ್ಬೊಬ್ಬರ ಪಾಲನ್ನು ಅಳೆದು ನಕ್ಷೆಯಲ್ಲಿ ಬೇರೆ ಮಾಡುವುದು, ಆಗದೇ ಇರುವುದು. ಒಂದೇ ಸರ್ವೆ ನಂಬರಿನಲ್ಲಿ ಆರು ಜನರ ಹೆಸರು, ಪ್ರತಿಯೊಬ್ಬರಿಗೂ ಇಷ್ಟಿಷ್ಟು ಗುಂಟೆ. ಯಾರದು ಎಲ್ಲಿ ಅಂತ ನಕ್ಷೆಯಲ್ಲಿ ಇಲ್ಲ. ಅಣ್ಣತಮ್ಮಂದಿರು ಮಾವಿನ ಮರದಿಂದ ಆ ಕಡೆ ನಿನ್ನದು, ಈ ಕಡೆ ನನ್ನದು ಅಂತ ಮಾತಿನಲ್ಲಿ ಹಂಚಿಕೊಂಡಿರುತ್ತಾರೆ. ಮಾತು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಊರುಗಳು ಮಾತಿನ ಮೇಲೇ ನಡೆದಿವೆ. ಆದರೆ ಪ್ಲಾನ್ ಅಪ್ರೂವಲ್‌ಗೆ ನಕ್ಷೆ ಬೇಕು, ಹದ್ದುಬಸ್ತು, ಅಂದರೆ ಗಡಿ ಗುರುತು, ಬೇಕು. ಈಗ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಮೊದಲ ಅಂದಾಜಿಗೆ ಒಳ್ಳೆಯದು. ಅದನ್ನೇ ಗಡಿ ಅಂತ ನಂಬಿ ಕಾಂಪೌಂಡ್ ಹಾಕಬೇಡಿ.

ಹಾಗಾಗಿ ತಂಡದವರು ಬಂದಾಗ ಕೇಳಿ: ನಿಮ್ಮಲ್ಲಿ ಸರ್ವೆಯಿಂದ ಬಂದವರು ಯಾರು? ಅವರು ನಮ್ಮ ಜಮೀನಿನಲ್ಲಿ ನಡೆದು ನೋಡಿದ್ದಾರಾ? ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು ಅಳತೆ ಆಗಿದೆಯಾ? ಈ ಮೂರು ಪ್ರಶ್ನೆಗೆ ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಅವರ ಕೆಲಸದ ರೀತಿ ಗೊತ್ತಾಗುತ್ತದೆ.

ಇನ್ನು ವಕೀಲರು. ಲಾಯರ್ ಇದ್ದಾರೆ ಅಂದರೆ ಸಾಲದು, ಎಂಥ ಲಾಯರ್ ಅಂತ ಕೇಳಬೇಕು. ಕೋರ್ಟಿನಲ್ಲಿ ಕೇಸು ನಡೆಸಿದವರು ಬೇರೆ, ಕಂಪನಿಗಳ ಅಗ್ರಿಮೆಂಟ್ ಬರೆದವರು ಬೇರೆ. ಜಮೀನಿನ ಟೈಟಲ್, ಅಂದರೆ ಒಡೆತನದ ದಾಖಲೆ, ಓದುವವರು ಮೂರನೆಯವರು. ಬೆಂಗಳೂರು ಸುತ್ತಮುತ್ತ ಈ ಮೂರನೆಯವರಿಗೆ ಕೆಲಸ ಕಷ್ಟ. ಇಲ್ಲಿ ಇನಾಂ, ಅಂದರೆ ಹಿಂದೆ ಅರಸರು ಉಡುಗೊರೆಯಾಗಿ ಕೊಟ್ಟ, ಜಮೀನುಗಳಿದ್ದವು, 1954ರ ಕಾಯ್ದೆಯಲ್ಲಿ ಇನಾಂ ರದ್ದಾಯಿತು. ಗೇಣಿದಾರರಿಗೆ ಹೋದ ಜಮೀನಿದೆ. ಸರ್ಕಾರ ಮಂಜೂರು ಮಾಡಿದ ಜಮೀನಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಮಾರಿದ್ದರೆ ವಾಪಸ್ ಪಡೆಯಬಹುದು. 2023ರ ತಿದ್ದುಪಡಿಯಲ್ಲಿ ಇದಕ್ಕೆ ಕಾಲಮಿತಿ ಇಲ್ಲ ಅಂತ ಸೇರಿಸಿದರು. ಅಂದರೆ ನಾಲ್ಕು ಕೈ ಬದಲಾದ ಮೇಲೂ ಮೊದಲ ಮಂಜೂರಾತಿ ಏನಿತ್ತು ಅಂತ ನೋಡಲೇಬೇಕು. ಇದು ಬಡವರ ಜಮೀನು ಕಾಪಾಡುವ ಕಾನೂನು. ಇದನ್ನು ದಾಟುವ ದಾರಿ ಹುಡುಕಿಕೊಡುತ್ತೇನೆ ಅನ್ನುವ ಸಲಹೆಗಾರರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಮತ್ತೆ ಹೆಣ್ಣುಮಕ್ಕಳ ಸಹಿ. ಕರ್ನಾಟಕದ ತಿದ್ದುಪಡಿಯಲ್ಲಿ 1994ರಲ್ಲೇ ಒಟ್ಟು ಕುಟುಂಬದ ಆಸ್ತಿಯಲ್ಲಿ ಅಷ್ಟರೊಳಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಕ್ಕು ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟು ತರುವವರು ಇವತ್ತಿಗೂ ಇದ್ದಾರೆ. ಇಲ್ಲಿರುವ ಅಣ್ಣಂದಿರಿಗೆ ಹೇಳುತ್ತೇನೆ, ಮೊದಲು ಅಕ್ಕನ ಮನೆಗೆ ಹೋಗಿ ಕೂತು ಮಾತಾಡಿ. ಇಲ್ಲಿರುವ ಅಮ್ಮಂದಿರಿಗೆ, ಅಕ್ಕಂದಿರಿಗೆ ಹೇಳುತ್ತೇನೆ, ಕಾಗದ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ತಂಡದಲ್ಲಿ ಒಬ್ಬರಾದರೂ ಮಹಿಳೆ ವಕೀಲರಿದ್ದರೆ ಈ ಮಾತುಕತೆ ಸುಲಭವಾಗುವುದನ್ನು ನಾನು ಕಂಡಿದ್ದೇನೆ. ಅಡುಗೆಮನೆಯವರೆಗೆ ಹೋಗಿ ಕೇಳಿ ಬರುತ್ತಾರೆ. ನಡುಮನೆಯಲ್ಲಿ ಯಾರೂ ಹೇಳದ ವಿಷಯ ಅಲ್ಲಿ ಗೊತ್ತಾಗುತ್ತದೆ.

ಟೌನ್ ಪ್ಲಾನರ್ ವಿಷಯ. ಇವರ ಕೆಲಸ ಮಾಸ್ಟರ್ ಪ್ಲಾನ್ ಓದುವುದು ಅಂತ ಅಂದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಯಾವ ಪ್ಲಾನ್, ಯಾವ ಕಚೇರಿ ಅಂತ ತಿಳಿಯುವುದೇ ಅರ್ಧ ಕೆಲಸ. 2015ರ ಮಾಸ್ಟರ್ ಪ್ಲಾನಿಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2031ರ ಕರಡು ಬಂದು ವಾಪಸ್ ಹೋಯಿತು. ಊರಿನ ಹೊರಗೆ ಆನೇಕಲ್, ಹೊಸಕೋಟೆ, ನೆಲಮಂಗಲಕ್ಕೆ ಬೇರೆ ಬೇರೆ ಯೋಜನಾ ಪ್ರಾಧಿಕಾರ, ವಿಮಾನ ನಿಲ್ದಾಣದ ಸುತ್ತ ಇನ್ನೊಂದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿದು ಬರುವ ಪ್ರದೇಶದಲ್ಲಿ ಕಟ್ಟಡಗಳಿಗೆ ನಿರ್ಬಂಧಗಳಿವೆ. ಜಕ್ಕೂರು, ಯಲಹಂಕ, ಎಚ್‌ಎಎಲ್ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ. 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇಕು. ಬಡಾವಣೆಗೋ ರಸ್ತೆಗೋ ಜಮೀನು ಸ್ವಾಧೀನಕ್ಕೆ ನೋಟಿಫಿಕೇಷನ್ ಆಗಿದೆಯೇ ಅಂತಲೂ ನೋಡಬೇಕು. ಅರ್ಕಾವತಿ ಬಡಾವಣೆಗೆ 2003ರಲ್ಲಿ ನೋಟಿಫಿಕೇಷನ್ ಆಯಿತು. ಆಮೇಲೆ ಎಷ್ಟು ವರ್ಷ ಅದು ಕೋರ್ಟು ಕಚೇರಿ ಸುತ್ತಿತು ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಒಳ್ಳೆಯ ಪ್ಲಾನರ್‌ಗೆ ನಿಯಮದ ಜೊತೆ ನಿಯಮದ ಚರಿತ್ರೆಯೂ ಗೊತ್ತಿರುತ್ತದೆ. ಕೆರೆ, ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಪಕ್ಕ ಕಟ್ಟದೆ ಬಿಡಬೇಕಾದ ಜಾಗ, ಅಂದರೆ ಬಫರ್, ನೋಡಿ. 2015ರ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್. ಕಾಲುವೆಗೆ ಅದರ ದರ್ಜೆಯ ಮೇಲೆ ಮಧ್ಯದಿಂದ 50, 25, 15 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮೂರು ವರ್ಷದಲ್ಲಿ ಎರಡು ಸಲ ಲೆಕ್ಕ ಬದಲು. 60 ಮೀಟರ್ ಉದ್ದಕ್ಕೆ ಸಣ್ಣ ಕಾಲುವೆ ಪಕ್ಕದಲ್ಲಿ ಹೋದರೂ 15 ಮೀಟರ್ ಅಂತ ಲೆಕ್ಕ ಹಾಕಿದರೆ 900 ಚದರ ಮೀಟರ್, ಹತ್ತಿರ ಹತ್ತಿರ 9 ಗುಂಟೆ. ಅಲ್ಲಿ ಕಟ್ಟುವ ಹಾಗಿಲ್ಲ.

ಇದು ನೀರಿನ ವಿಷಯಕ್ಕೆ ಬಂತು. ತಂಡಗಳಲ್ಲಿ ಅತಿ ಅಪರೂಪಕ್ಕೆ ಕಾಣುವವರು ನೀರಿನ ಕೆಲಸ ಮಾಡಿ ಬಂದವರು. ಬೆಂಗಳೂರು ದಿಬ್ಬದ ಮೇಲಿರುವ ಊರು. ಮಳೆ ನೀರು ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ಹೋಗುತ್ತದೆ. ಆ ದಾರಿಯಲ್ಲಿ ಏನು ಕಟ್ಟಿದರೂ ನೀರು ತನ್ನ ಇಳಿಜಾರು ಬಿಡುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಕರೆತಂದರು. ಒಂದೂವರೆ ವರ್ಷದಲ್ಲಿ, 2024ರ ಬೇಸಿಗೆಗೆ, ಅದೇ ಊರಿನಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕಾಯಬೇಕಾಯಿತು. ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪಿನಲ್ಲಿ ಮೇಲೆತ್ತಿ. 110 ಹಳ್ಳಿಗಳಿಗೆಂದು ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ನಿಮ್ಮ ಜಮೀನಿನ ಮುಂದೆ ಅದರ ಪೈಪು ಬಂದಿದೆಯೇ ಇಲ್ಲವೇ ಅನ್ನುವುದು ಫ್ಲ್ಯಾಟಿನ ಬೆಲೆಯನ್ನೂ, ಅಲ್ಲಿ ಬಾಳುವವರ ಬದುಕನ್ನೂ ತೀರ್ಮಾನಿಸುತ್ತದೆ.

ಭೂಜಲ ಓದಿದವರು ಒಬ್ಬರು ತಂಡದಲ್ಲಿ ಇರಬೇಕು ಅಂತ ನಾನು ಪಟ್ಟು ಹಿಡಿದು ಹೇಳುತ್ತೇನೆ. ಅವರ ಜೊತೆಗೆ ಇನ್ನೊಬ್ಬರು. ಈ ಭಾಗದ ಹಳ್ಳಿಗಳಲ್ಲಿ ಕೆರೆ ತೂಬು ನೋಡಿಕೊಳ್ಳುತ್ತಿದ್ದ ನೀರಗಂಟಿಗಳು ಇದ್ದರಲ್ಲ, ಆ ಮನೆತನದ ಹಿರಿಯರು ಕೆಲವು ಕಡೆ ಇನ್ನೂ ಇದ್ದಾರೆ. ಯಾವ ಹಳ್ಳ ಯಾವ ಮಳೆಗೆ ಎಲ್ಲಿಯವರೆಗೆ ಏರುತ್ತಿತ್ತು, ಯಾವ ಕಾಲುವೆಯನ್ನು ಯಾವಾಗ ಮುಚ್ಚಿದರು ಅನ್ನುವುದು ಅವರಿಗೆ ಗೊತ್ತು. ಅವರನ್ನು ಗೌರವದಿಂದ ಕರೆದು, ಜಮೀನಿನ ಮೇಲೆ ಜೊತೆಯಲ್ಲಿ ನಡೆದು, ಹೇಳಿದ್ದನ್ನು ಬರೆದುಕೊಂಡು, ಫೀ ಕೊಡಬೇಕು. ಹೌದು, ಫೀ. ಆರ್ಕಿಟೆಕ್ಟ್‌ಗೆ ಕೊಡುವ ಹಾಗೇ. ಅವರೂ ವೃತ್ತಿಯಿಂದ ತಿಳಿದವರೇ.

ಹಣಕಾಸಿನವರ ಬಗ್ಗೆ ಸ್ವಲ್ಪ ಮಾತಾಡೋಣ. ಖಾಸಗಿ ಬಿಲ್ಡರ್‌ಗಳಿಗೆ ಜಮೀನು ಕೊಳ್ಳಲು ಬ್ಯಾಂಕುಗಳು ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಬಿಲ್ಡರ್ ನಿಮ್ಮ ಹತ್ತಿರ ಜೆಡಿ ಕೇಳಿಕೊಂಡು ಬರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಅಂದರೆ ನೀವು ಕೊಡುತ್ತಿರುವುದು ಜಮೀನು ಮಾತ್ರವಲ್ಲ, ಒಂದು ಥರದ ಬಂಡವಾಳ. ಹಣಕಾಸಿನವರಿಗೆ ಇದು ಚೆನ್ನಾಗಿ ಗೊತ್ತು, ಜಮೀನಿನವರಿಗೆ ಯಾರೂ ಹೇಳುವುದಿಲ್ಲ. ಅವರಿಂದ ನೀವು ಕೇಳಿ ತಿಳಿಯಬೇಕಾದದ್ದು ತಡದ ಬೆಲೆ. 10 ಕೋಟಿ ಸಾಲ, ವರ್ಷಕ್ಕೆ ಶೇಕಡ 15 ಬಡ್ಡಿ ಅಂದರೆ ತಿಂಗಳಿಗೆ 12.5 ಲಕ್ಷ. ಈ ಒತ್ತಡ ಇರುವವರು ಸರ್ವೆಗೆ ಇನ್ನೂ ಎರಡು ತಿಂಗಳು ಬೇಕು ಅಂದಾಗ ಆಮೇಲೆ ನೋಡೋಣ ಅನ್ನುತ್ತಾರೆ. ಅವರು ಕೆಟ್ಟವರು ಅಂತಲ್ಲ. ಅವರ ಹಿಂದಿನ ಕೆಲಸ ಅವರಿಗೆ ಕಲಿಸಿದ ಭಯ ಅದು. ಅದಕ್ಕೇ ತಂಡದ ಮುಖ್ಯಸ್ಥರು ಹಣಕಾಸಿನಿಂದ ಬಂದವರಾದರೆ, ಬೇಡ ಅಂತ ನಿಲ್ಲಿಸುವ ಅಧಿಕಾರ ಬೇರೆ ಯಾರಿಗಿದೆ ಅಂತ ಕೇಳಿ.

ಸಿಎ ಬೇಕಾಗುವುದು ನಿಮ್ಮ ತೆರಿಗೆಗೂ. ಜೆಡಿ ಬರೆದ ವರ್ಷವೇ ಲಾಭದ ತೆರಿಗೆ ಕಟ್ಟಬೇಕಾ ಅನ್ನುವ ಜಗಳ ಬಹಳ ಇತ್ತು. 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ನೋಂದಾಯಿತ ಒಪ್ಪಂದವಾದರೆ, ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಕ್ಕೂ ಅದು ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷಕ್ಕೆ ಹೋಗುತ್ತದೆ. ಆದರೆ ಅದಕ್ಕೆ ಮೊದಲೇ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ಹೋಗುತ್ತದೆ. ಮಗಳ ಮದುವೆ ಅಂತ ಅವಸರಕ್ಕೆ ಒಂದು ಫ್ಲ್ಯಾಟ್ ಮಾರುವ ಮುಂಚೆ ಸಿಎ ಹತ್ತಿರ ಒಂದು ಮಾತು ಕೇಳಿ. ರೇರಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದರೆ ಇಬ್ಬರನ್ನೂ ಪ್ರೊಮೋಟರ್ (ಯೋಜನೆಯ ಹೊಣೆ ಹೊತ್ತವರು) ಅಂತಲೇ ನೋಡುತ್ತದೆ, ಇಬ್ಬರಿಗೂ ಜಂಟಿ ಹೊಣೆ. ನಿಮ್ಮ ಪಾಲಿನ ಫ್ಲ್ಯಾಟುಗಳನ್ನು ನೀವು ಮಾರಲು ಹೊರಟರೆ ಇದು ನಿಮಗೂ ತಟ್ಟಬಹುದು. ಟೈಟಲ್ ದೋಷದ ಪರಿಹಾರಕ್ಕೆ ರೇರಾದಲ್ಲಿ ಕಾಲಮಿತಿಯ ಅಡ್ಡಿ ಇಲ್ಲ. ಆಗ ವಂಶವೃಕ್ಷದಲ್ಲಿ ಬಿಟ್ಟ ಅಕ್ಕನ ಹೆಸರು ಎಲ್ಲಿಗೆ ಬಂದು ಮುಟ್ಟುತ್ತದೆ ನೋಡಿ.

ಬೆಲೆ ಕಟ್ಟುವವರು ಬೇರೆ. 2017ರ ನಿಯಮಗಳ ಪ್ರಕಾರ ನೋಂದಾಯಿತ ವ್ಯಾಲ್ಯೂಯರ್‌ಗಳಲ್ಲಿ ಮೂರು ವರ್ಗ ಇವೆ, ಭೂಮಿ ಮತ್ತು ಕಟ್ಟಡ ಅದರಲ್ಲಿ ಒಂದು. ಶೇರು, ಹಣಕಾಸು ಆಸ್ತಿಯ ವರ್ಗದಲ್ಲಿ ನೋಂದಣಿ ಇರುವವರು ನಿಮ್ಮ ತೋಟಕ್ಕೆ ಬೆಲೆ ಕಟ್ಟಲು ಬಂದರೆ ಯಾವ ವರ್ಗ ಅಂತ ಕೇಳಿಬಿಡಿ.

ಮಾರುಕಟ್ಟೆಯವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರೋಕರ್ ಕೆಲಸದಿಂದ ಬಂದವರಿಗೆ ಜನ ಏನು ಕೊಳ್ಳುತ್ತಾರೆ ಅನ್ನುವುದು ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಎಲ್ಲಿ ಬಾಡಿಗೆ ವಿಚಾರಣೆ ಏರಿತು ಅಂತ ಅವರಿಗೆ ಫೋನಿನಲ್ಲೇ ಗೊತ್ತಾಗುತ್ತದೆ. ಅವರ ಲೆಕ್ಕ ಕೇಳಿ, ಆದರೆ ವ್ಯವಹಾರ ಮುಗಿದರೆ ಅವರಿಗೆ ಕಮಿಷನ್ ಇದೆಯಾ ಅಂತಲೂ ಕೇಳಿ. ಇದ್ದರೆ ರೇರಾದಲ್ಲಿ ಏಜೆಂಟ್ ಅಂತ ನೋಂದಣಿ ಆಗಿದೆಯಾ ಅಂತ ನೋಡಿ.

ನಿವೃತ್ತ ಅಧಿಕಾರಿಗಳ ಬಗ್ಗೆ ಮನಸ್ಸು ಬಿಚ್ಚಿ ಹೇಳಬೇಕು. ಬಹಳ ತಂಡಗಳಲ್ಲಿ ನಿವೃತ್ತ ತಹಶೀಲ್ದಾರರು, ನಗರ ಯೋಜನೆಯಲ್ಲಿದ್ದವರು, ಇಂಜಿನಿಯರುಗಳು ಸಲಹೆಗಾರರಾಗಿ ಇರುತ್ತಾರೆ. ಇವರಲ್ಲಿ ಕೆಲವರು ನಿಜವಾಗಿ ರತ್ನದಂಥವರು. ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರ್ (ಹಕ್ಕು ಬದಲಾವಣೆಯ ದಾಖಲೆ) ಓದಿ, ಈ ಆದೇಶ ಈ ವರ್ಷದ ನಮೂನೆಯಲ್ಲಿ ಇಲ್ಲ, ಅನುಮಾನ ಇದೆ ಅಂತ ಹೇಳಬಲ್ಲವರು. ಅಂಥವರ ಹತ್ತಿರ ಕೂತು ನಾನು ಕಲಿತದ್ದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಇನ್ನು ಕೆಲವರ ಬಗ್ಗೆ ತಂಡದವರು ಹೇಳುವುದೇ ಬೇರೆ: "ಒಳಗೆ ಎಲ್ಲ ನಮ್ಮವರೇ, ಫೈಲ್ ಓಡಿಸುತ್ತಾರೆ." ಈ ಮಾತು ಕೇಳಿದ ಕೂಡಲೇ ಎಚ್ಚರವಾಗಿ. ಪರಿಚಯದಿಂದ ಬಂದ ಅನುಮತಿ ಆ ಪರಿಚಯ ಇರುವವರೆಗೆ ಮಾತ್ರ. ನಾಳೆ ಕೋರ್ಟಿನಲ್ಲಿ ನಿಲ್ಲುವುದು ದಾಖಲೆ. ಅಲ್ಲಿ ಹೋಗಿ ನಿಲ್ಲಬೇಕಾದವರು ಜಮೀನಿನ ಮಾಲೀಕರಾದ ನೀವು, ಫೈಲ್ ಓಡಿಸಿದವರು ಅಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಪ್ಲಾನಿಂಗ್ ಓದುತ್ತಿರುವ ಒಬ್ಬ ಹುಡುಗಿ ಕೇಳಿದಳು: "ಸರ್, ಮೊದಲ ಕೆಲಸ ದೊಡ್ಡ ಕನ್ಸಲ್ಟಿಂಗ್ ಕಂಪನಿಯಲ್ಲಿ ತಗೊಳ್ಳಲಾ?" ತಗೋ ಅಮ್ಮ, ಅಲ್ಲಿ ವರದಿ ಬರೆಯುವ ಶಿಸ್ತು ಸಿಗುತ್ತದೆ, ಅದು ಸಣ್ಣದಲ್ಲ. ಆದರೆ ಅದಕ್ಕೆ ಮೊದಲು ಒಂದು ಮಳೆಗಾಲ ಪರವಾನಗಿ ಭೂಮಾಪಕರ ಜೊತೆ ಓಡಾಡು. ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಋಣಭಾರದ ಪಟ್ಟಿ) ಓದುವುದು ಕಲಿ. ಕನ್ನಡದ ಹಳೆಯ ಕೈಬರಹ ಓದುವುದು ಕಲಿ. ಮೂಲ ಪತ್ರಗಳೆಲ್ಲ ಅದರಲ್ಲೇ ಇವೆ. ಇಂಗ್ಲಿಷಿನ ಸಾರಾಂಶ ನಂಬಿ ಕೂತವರು ಚೆಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿ ವಿವರ) ಒಂದು ಸಾಲು ತಪ್ಪಿಸಿಕೊಂಡರೆ ಗಡಿಯೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಕನ್ನಡ ಚೆನ್ನಾಗಿ ಬಲ್ಲವರು ಸಾಕಷ್ಟು ಸಿಗುತ್ತಿಲ್ಲ. ಇದು ನಿನಗೆ ಸಿಗುವ ದೊಡ್ಡ ಅವಕಾಶ.

ದೇವನಹಳ್ಳಿ ಕಡೆಯ ಯಜಮಾನರೊಬ್ಬರು ಕೇಳಿದರು: "ಇಷ್ಟೆಲ್ಲ ಜನರಿಗೆ ದುಡ್ಡು ಯಾರು ಕೊಡೋದು? ಬಿಲ್ಡರ್ರೇ ಕೊಡ್ತೀನಿ ಅಂತಾರೆ." ಬಿಲ್ಡರ್ ಕೊಡುವ ತಂಡ ಬಿಲ್ಡರ್‌ಗೆ ಕೆಲಸ ಮಾಡುತ್ತದೆ ಯಜಮಾನ್ರೇ, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಕಡೆಯಿಂದ ಮೂವರಾದರೂ ಬೇರೆ ಇರಲಿ: ಸರ್ವೆಯವರು, ಟೈಟಲ್ ನೋಡುವ ವಕೀಲರು, ಸಿಎ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಹಂಚಿಕೊಂಡರೆ ಆಗದ ಖರ್ಚಲ್ಲ. ಟೋಕನ್ ಅಡ್ವಾನ್ಸ್ ಮುಟ್ಟುವ ಮೊದಲು ಇವರ ವರದಿ ಕೈಗೆ ಬರಬೇಕು. ಒಪ್ಪಂದ ಆದರೆ ಇಷ್ಟು ಪರ್ಸೆಂಟ್ ಅಂತ ಇವರ ಜೊತೆ ಮಾತಾಡಬೇಡಿ, ಕೆಲಸಕ್ಕೆ ಇಷ್ಟು ಅಂತ ಗೊತ್ತು ಮಾಡಿಕೊಳ್ಳಿ. ವರದಿ ಕೊಟ್ಟ ದಿನವೇ ಪೂರ್ತಿ ದುಡ್ಡು ಕೊಟ್ಟುಬಿಡಿ, ವರದಿಯಲ್ಲಿ ಬೇಡ ಅಂತ ಬರೆದಿದ್ದರೂ.